ಕೈ ಚಾಚು ಮಗಳೇ, ದಿನ ದೂಡಬೇಡ

ಮಗಳೇ, ನಿನ್ನೆ ಸಂಜೆ ಜಗಲಿಯ ಮೇಲೆ ಕೂತು ಕೊರಳ ಸರವನ್ನು ಬೆರಳಿಗೆ ಸುತ್ತುತ್ತಾ, "ಇದನ್ನು ಅಡ ಇಟ್ಟರೆ ಎಷ್ಟು ಬರಬಹುದು ಅಜ್ಜೀ?" ಅಂತ ಕೇಳಿದೆಯಲ್ಲ, ಆಗ ನನಗೆ ಮಾತೇ ಹೊರಡಲಿಲ್ಲ. ರಾತ್ರಿಯೆಲ್ಲ ಅದೇ ಯೋಚನೆ. ಸರ ಸದ್ಯಕ್ಕೆ ನಿನ್ನ ಕೊರಳಲ್ಲೇ ಇರಲಿ. ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಬಹಳ ಇದೆ.

ನಿನ್ನ ಮಗುವಿಗೆ ಬಂದಿರುವ ಈ ಕಣ್ಣಿನ ಕ್ಯಾನ್ಸರ್, ರೆಟಿನೋಬ್ಲಾಸ್ಟೋಮಾ, ಹನ್ನೊಂದು ವರ್ಷದ ಹಿಂದೆ ನನ್ನ ಮೊಮ್ಮಗನಿಗೂ ಬಂದಿತ್ತು. ಆಗ ಅವನಿಗೆ ಒಂದೂವರೆ ವರ್ಷ. ದೀಪಾವಳಿಯಲ್ಲಿ ತೆಗೆದ ಫೋಟೋದಲ್ಲಿ ಎಡಗಣ್ಣಿನ ಪಾಪೆ ಬೆಳ್ಳಗೆ ಹೊಳೆಯುತ್ತಿತ್ತು. ಕಣ್ಣು ತುಸು ಮೆಳ್ಳೆಯೂ ಆಗಿತ್ತು. ಮೆಳ್ಳೆಗಣ್ಣು ಅದೃಷ್ಟ ಅಂದರು ಬಂದವರು. ನಾನೂ ಹೌದು ಅಂದೆ. ರೋಗ ಗೊತ್ತಾದ ಮೇಲೂ, ಪೂರ್ತಿ ದುಡ್ಡು ಕೂಡಿದ ಮೇಲೆ ಹೋಗೋಣ ಅಂತ ಎರಡು ತಿಂಗಳು ಮನೆಯಲ್ಲೇ ಕೂತೆವು. ಎರಡು ಹಸು ಮಾರಿದೆವು. ಹಸು ಮಾರಿದ್ದಕ್ಕೆ ನನಗೆ ಇವತ್ತು ಬೇಸರವಿಲ್ಲ. ಆ ಎರಡು ತಿಂಗಳು ನೆನೆದರೆ ಮಾತ್ರ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದಕ್ಕೇ ಹೇಳುತ್ತೇನೆ, ಚಿಕಿತ್ಸೆ ಮತ್ತು ದುಡ್ಡಿನ ಓಡಾಟ ಎರಡೂ ಒಟ್ಟಿಗೇ ನಡೆಯಲಿ. ಈ ಗಡ್ಡೆ ಕಣ್ಣಿನೊಳಗೇ ಇರುವಾಗ ಹಿಡಿದರೆ ಬಹುಪಾಲು ಮಕ್ಕಳು ಬದುಕುತ್ತಾರೆ. ಕಣ್ಣಿನ ನರದ ಗುಂಟ ಮಿದುಳಿನ ಕಡೆಗೆ ಹೋಯಿತೋ, ಆಮೇಲೆ ಕಷ್ಟ. ಕೀಮೋ, ಲೇಸರ್, ಗಡ್ಡೆಯನ್ನು ಹೆಪ್ಪುಗಟ್ಟಿಸುವ ಚಿಕಿತ್ಸೆ, ಇವುಗಳಿಂದ ಎಷ್ಟೋ ಕಣ್ಣು ಉಳಿಯುತ್ತವೆ. ಆದರೆ ಡಾಕ್ಟರು ಕಣ್ಣು ತೆಗೆಯಲೇಬೇಕು ಅಂದರೆ, ನಾಟಿ ಔಷಧಿ, ಹರಕೆ ಅಂತ ಹಿಂದೆ ಸರಿಯಬೇಡ. ಹರಕೆ ಹೊತ್ತುಕೊಂಡೇ ಆಪರೇಷನ್ನಿಗೆ ಹೋಗು.

ಇನ್ನೊಂದು ಮಾತು. ಗ್ರಹಣದ ದಿನ ನೀನು ಹೊರಗೆ ಬಂದದ್ದರಿಂದ ಹೀಗಾಯಿತು ಅಂತ ನಿಮ್ಮ ಅತ್ತೆ ಅಂದರಂತೆ. ಅಲ್ಲಮ್ಮ. ಇದು ಜೀನಿನಲ್ಲಿ ಆಗುವ ದೋಷ. ಹದಿನೈದು ಇಪ್ಪತ್ತು ಸಾವಿರ ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ, ಹೆಚ್ಚಿನಂಶ ಐದು ವರ್ಷದೊಳಗೆ. ನಿನ್ನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಕೆಲವು ಮನೆಗಳಲ್ಲಿ ವಂಶದಲ್ಲಿ ಹರಿದು ಬರುವುದೂ ಉಂಟು. ಹಾಗಾಗಿ ದೊಡ್ಡ ಮಗಳ ಕಣ್ಣನ್ನೂ ಒಮ್ಮೆ ತೋರಿಸಿಬಿಡು.

ಈಗ ದುಡ್ಡಿನ ವಿಷಯ. ನಿಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೂ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಇದೆ. ನಮ್ಮ ಓಣಿಯಲ್ಲೇ ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಅಡ್ವಾನ್ಸ್ ಕಟ್ಟುವ ಕೌಂಟರಿಗೆ ಹೋಗುವ ಮೊದಲು ಅವರ ಮುಂದೆ ಹೋಗಿ ಕೂರು. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾ ಅಂತ ಕೇಳಿಕೋ. ಬೇಕಾದರೆ ಜಿಲ್ಲಾಸ್ಪತ್ರೆಯಿಂದ ತರೋಣ. ಯೋಜನೆಗೆ ಸೇರದ ಖರ್ಚು ಬಿದ್ದರೆ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಹಾಕಬಹುದು. ಅದಕ್ಕೆ ಎಸ್ಟಿಮೇಟು, ಬಿಲ್ಲು, ಆಧಾರ್, ರೇಷನ್ ಕಾರ್ಡು ತಯಾರಿರಲಿ. ದಲ್ಲಾಳಿ ಅಂತ ಯಾರಾದರೂ ಬಂದರೆ ಒಂದು ರೂಪಾಯಿಯನ್ನೂ ಕೊಡಬೇಡ.

ಚಿಕಿತ್ಸೆಗಿಂತ ಮನೆ ಹಿಂಡುವುದು ಓಡಾಟ. ಮೂರು ನಾಲ್ಕು ವಾರಕ್ಕೊಮ್ಮೆ ಕೀಮೋ, ನಡುನಡುವೆ ತಪಾಸಣೆ, ನಿನ್ನ ಗಂಡನ ಕೂಲಿ ಖೋತಾ. ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಬಸ್ಸಿನಲ್ಲಿ ನಿನಗೆ ಟಿಕೆಟ್ ಬೇಡ. ರೈಲಾದರೆ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವವರೊಬ್ಬರಿಗೆ ಶೇ. 75. ಆಸ್ಪತ್ರೆಯಿಂದ ಅದರ ಫಾರಂ ಬರೆಸಿಕೊಳ್ಳಬೇಕು. ಉಳಿಯಲು ಲಾಡ್ಜಿಗೆ ಹೋಗಬೇಡ, ಧರ್ಮಶಾಲೆ ಎಲ್ಲಿದೆ ಅಂತ ಮೊದಲ ದಿನವೇ ವಿಚಾರಿಸು. ಒಂದು ಕಣ್ಣು ಹೋದರೆ ಅಂಗವಿಕಲ ಪಿಂಚಣಿ ಬರುತ್ತೆ ಅಂತ ಯಾರೋ ಹೇಳಿದರಂತಲ್ಲ. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಶೇ. 30 ಅಂತ ಬರೆಯುತ್ತಾರೆ, ಸವಲತ್ತಿಗೆ 40 ಬೇಕು. ನನಗಂತೂ ಇದು ಅನ್ಯಾಯ ಅಂತಲೇ ಅನ್ನಿಸುತ್ತದೆ. ಆದರೂ ಅದನ್ನು ನಂಬಿಕೊಂಡು ಕಚೇರಿ ಅಲೆದು ಸವೆಯಬೇಡ.

ಜನರ ಮುಂದೆ ಕೇಳುವುದಕ್ಕೆ ನಾಚಿಕೆ ಅಂದೆಯಲ್ಲ. ಮದುವೆಗೆ ಮುಯ್ಯಿ ತಗೊಳ್ಳುತ್ತೇವೆ, ಮನೆ ಬಿದ್ದರೆ ಊರವರ ಹತ್ತಿರ ತೊಲೆ ಕೇಳುತ್ತೇವೆ. ಮಗುವಿನ ಜೀವಕ್ಕೆ ಕೇಳಿದರೆ ಮಾನ ಹೋಗುತ್ತದೆಯೇ? ಸಂಘದಲ್ಲಿ ಕೇಳು, ಶಾಲೆಯ ಮೇಷ್ಟರನ್ನು ಕೇಳು. ಕೊಟ್ಟವರ ಹೆಸರು, ಮೊತ್ತ, ಖರ್ಚು ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಆದರೆ ಮಗುವಿನ ಊದಿದ ಕಣ್ಣಿನ ಫೋಟೋ ಮಾತ್ರ ವಾಟ್ಸಾಪಿಗೆ ಬಿಡಬೇಡ. ನನ್ನ ಮೊಮ್ಮಗನ ಅಂಥ ಫೋಟೋ ನಮ್ಮವರು ಯಾರೋ ಅಂದು ಬಿಟ್ಟದ್ದು ಹೋದ ವರ್ಷ ಸುತ್ತಿ ಸುತ್ತಿ ಅವನ ಗೆಳೆಯನ ಫೋನಿಗೇ ಬಂತು. ಎರಡು ದಿನ ಅವನು ಶಾಲೆಗೆ ಹೋಗಲಿಲ್ಲ. ಡಾಕ್ಟರ ಚೀಟಿ ತೋರಿಸಿದರೆ ಸಾಕು. ನಂಬುವವರು ನಂಬುತ್ತಾರೆ.

ನನ್ನ ಮೊಮ್ಮಗ ಈಗ ಏಳನೇ ಕ್ಲಾಸು. ಬೆಳಿಗ್ಗೆ ಎಡಗಡೆಯ ಕೃತಕ ಕಣ್ಣನ್ನು ಅಂಗೈಯಲ್ಲಿಟ್ಟು ತೊಳೆಯುತ್ತಾನೆ, ಗುಂಡಗಲ್ಲ, ಕಡಲೆಕಾಯಿ ಸಿಪ್ಪೆಯ ಹಾಗೆ ಒಳಗೆ ಬಾಗಿದ ತೆಳು ಬಿಲ್ಲೆ ಅದು. ಮುಖ ಬೆಳೆದ ಹಾಗೆ ಬದಲಿಸಬೇಕು, ಅದರ ಖರ್ಚನ್ನೂ ಲೆಕ್ಕದಲ್ಲಿಟ್ಟುಕೋ. ಉಳಿದ ಕಣ್ಣಿನ ರಕ್ಷಣೆಗೆ ಗಟ್ಟಿ ಕನ್ನಡಕ ಹಾಕುತ್ತಾನೆ. ಮೊದಮೊದಲು ಚೆಂಡು ಹಿಡಿಯಲು ಹೋಗಿ ಮೂಗಿಗೆ ಬಡಿಸಿಕೊಳ್ಳುತ್ತಿದ್ದ. ಈಗ ಕ್ಯಾಚ್ ಬಿಡುವುದಿಲ್ಲ.

ಸೋಮವಾರ ಮಗುವಿಗೆ ಅರಿವಳಿಕೆ ಕೊಟ್ಟು ಎರಡೂ ಕಣ್ಣು ನೋಡುತ್ತಾರೆ. ಎಷ್ಟು ಹೊತ್ತಿನಿಂದ ಹಾಲು ನಿಲ್ಲಿಸಬೇಕು ಅಂತ ನರ್ಸನ್ನು ಕೇಳಿ ಬರೆದುಕೋ. ಹಸಿವಿಗೆ ಅದು ಅಳುತ್ತದೆ, ನೀನೂ ಅಳುತ್ತೀಯ. ಕಾಗದಪತ್ರದ ಫೈಲು ನಾನು ಹಿಡಿದುಕೊಳ್ಳುತ್ತೇನೆ, ಮಗುವನ್ನು ನೀನು ಎತ್ತಿಕೋ. ಮೊದಲ ಬಸ್ಸಿಗೇ ಹೊರಡೋಣ.