ಸೂರ್ಯನಿಲ್ಲದ ದಿನಗಳಲ್ಲಿ ಒಂದು ಮನೆ: ಇನಾರಿಯ ಚಳಿಗಾಲ ಮತ್ತು ಮನೆಮಾತು

(ಎಂಟು ಮತ್ತು ಒಂಬತ್ತನೆಯ ತರಗತಿಗಳ ಕನ್ನಡ ಶಿಕ್ಷಕರಿಗಾಗಿ ಅಧ್ಯಯನ ಲೇಖನ)

ಪಾಠದ ಉದ್ದೇಶಗಳು

1. ಉತ್ತರ ಧ್ರುವವೃತ್ತದ ಆಚೆಗಿನ ಚಳಿಗಾಲವನ್ನೂ ಅಲ್ಲಿಯ ಕುಟುಂಬಗಳ ದಿನಚರಿಯನ್ನೂ ವಿದ್ಯಾರ್ಥಿಗಳು ಅರಿಯುವುದು.
2. ಮನೆಗೆಲಸಕ್ಕೂ ಮನೆಮಾತಿಗೂ ಇರುವ ಸಂಬಂಧವನ್ನು ಗುರುತಿಸುವುದು.
3. ತಮ್ಮ ಮನೆಯ ಚಳಿಗಾಲದ ಮಾತುಗಳನ್ನು ಕೇಳಿ, ಸಂಗ್ರಹಿಸಿ, ಶುದ್ಧವಾಗಿ ಬರೆಯುವುದು.

ಪ್ರವೇಶ

ಭೂಗೋಳ ಪಾಠದಲ್ಲಿ ‘ಟಂಡ್ರಾ’ ಎಂಬ ಪದವನ್ನು ನಮ್ಮ ಮಕ್ಕಳೆಲ್ಲರೂ ಓದುತ್ತಾರೆ. ಮರ ಬೆಳೆಯದ, ವರ್ಷದ ಬಹುಭಾಗ ಹಿಮ ಮುಚ್ಚಿದ ಬಯಲು ಎಂದು ಅದರ ಅರ್ಥವನ್ನೂ ಕಂಠಪಾಠ ಮಾಡುತ್ತಾರೆ. ಆದರೆ ಆ ಪದ ಯಾರದೆಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಅದು ಯುರೋಪಿನ ಉತ್ತರ ತುದಿಯಲ್ಲಿ ವಾಸಿಸುವ ಸಾಮಿ ಜನರ ಮಾತಿನಿಂದ ರಷ್ಯನ್ ಭಾಷೆಗೆ ಹೋಗಿ, ಅಲ್ಲಿಂದ ಲೋಕದ ಎಲ್ಲ ಭಾಷೆಗಳಿಗೆ ಹರಡಿದ ಪದ. ಸಂಖ್ಯೆಯಲ್ಲಿ ಅಲ್ಪರಾದ ಜನರ ಮನೆಮಾತೊಂದು ಹೀಗೆ ಕಾಸರಗೋಡಿನ ಶಾಲೆಗೂ ಅಕ್ಕಲಕೋಟೆಯ ಶಾಲೆಗೂ ಬಂದು ಸೇರಿದೆ. ಶಿಕ್ಷಕರು ಈ ಸಂಗತಿಯಿಂದಲೇ ಪಾಠವನ್ನು ಆರಂಭಿಸಬಹುದು. ಆ ಜನರು ಚಳಿಗಾಲವನ್ನು ಹೇಗೆ ಕಳೆಯುತ್ತಾರೆ, ಆ ಮಾತು ಅವರ ಮನೆಯಲ್ಲಿ ಈಗ ಹೇಗಿದೆ ಎಂಬುದನ್ನು ತಿಳಿಯುವುದು ಈ ಲೇಖನದ ಗುರಿ.

1. ನೆಲ ಮತ್ತು ಬೆಳಕು

ಫಿನ್‌ಲ್ಯಾಂಡ್ ದೇಶದ ಉತ್ತರ ಭಾಗದಲ್ಲಿ ಇನಾರಿ ಎಂಬ ಪುರಸಭಾ ಪ್ರದೇಶವಿದೆ. ವಿಸ್ತಾರದಲ್ಲಿ ಅದು ಆ ದೇಶದ ಪುರಸಭೆಗಳಲ್ಲೆಲ್ಲ ದೊಡ್ಡದು. ಸುಮಾರು 17,300 ಚದರ ಕಿಲೋಮೀಟರ್ ಹರಡಿರುವ ಅದು ನಮ್ಮ ಕಾಸರಗೋಡು ಜಿಲ್ಲೆಯ ಎಂಟು ಪಟ್ಟಿಗೂ ಹೆಚ್ಚು. ಅಲ್ಲಿ ವಾಸಿಸುವವರು ಮಾತ್ರ ಏಳು ಸಾವಿರದ ಆಸುಪಾಸು. ಫಿನ್ನಿಷ್, ಉತ್ತರ ಸಾಮಿ, ಇನಾರಿ ಸಾಮಿ, ಸ್ಕೋಲ್ಟ್ ಸಾಮಿ ಎಂಬ ನಾಲ್ಕು ಭಾಷೆಗಳಿಗೆ ಅಲ್ಲಿ ಅಧಿಕೃತ ಸ್ಥಾನವಿದೆ.

ಇನಾರಿ ಗ್ರಾಮವು ಸುಮಾರು 69 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಭೂಮಿಯ ಅಕ್ಷವು ಸುಮಾರು ಇಪ್ಪತ್ತಮೂರೂವರೆ ಡಿಗ್ರಿಗಳಷ್ಟು ವಾಲಿರುವುದರಿಂದ, ಚಳಿಗಾಲದ ನಡುವೆ ಅರವತ್ತಾರೂವರೆ ಡಿಗ್ರಿಯಿಂದಾಚೆಗಿನ ಪ್ರದೇಶಗಳಿಗೆ ಸೂರ್ಯನ ನೇರ ಬೆಳಕು ತಲುಪುವುದಿಲ್ಲ. ಡಿಸೆಂಬರ್ ಆರಂಭದಿಂದ ಜನವರಿ ಎರಡನೆಯ ವಾರದ ತನಕ ಇನಾರಿಯಲ್ಲಿ ಸೂರ್ಯೋದಯವೇ ಇಲ್ಲ. ಹಾಗೆಂದು ಇಡೀ ದಿನ ಕಗ್ಗತ್ತಲೆಯೆಂದು ತಿಳಿಯಬಾರದು. ಡಿಸೆಂಬರ್ 21ರ ಮಧ್ಯಾಹ್ನದಲ್ಲಿಯೂ ಸೂರ್ಯನು ಕ್ಷಿತಿಜದ ಕೆಳಗೆ ಎರಡು ಡಿಗ್ರಿಗಿಂತ ತುಸು ಹೆಚ್ಚು ಅಂತರದಲ್ಲಷ್ಟೇ ಇರುತ್ತಾನೆ. ಆದಕಾರಣ ಹಗಲಿನ ಕೆಲವು ಗಂಟೆ ನೀಲಿ ಬಣ್ಣದ ನಸುಬೆಳಕು ಹರಡುತ್ತದೆ. ನೆಲದ ಹಿಮ ಆ ಬೆಳಕನ್ನು ಇಮ್ಮಡಿಗೊಳಿಸುತ್ತದೆ. ಈ ಅವಧಿಯನ್ನು ಫಿನ್ನಿಷ್ ಭಾಷೆಯಲ್ಲಿ ‘ಕಾಮೋಸ್’ ಎನ್ನುತ್ತಾರೆ. ಇದು ಸಹ ಸಾಮಿಯಿಂದ ಫಿನ್ನಿಷ್ ಪಡೆದ ಪದವೇ ಆಗಿದೆ.

ಚಳಿಯ ಪ್ರಮಾಣವನ್ನು ತಿಳಿಸಲು ಒಂದು ಅಂಕಿ ಸಾಕು: ಫಿನ್‌ಲ್ಯಾಂಡಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ ಸೊನ್ನೆಗಿಂತ 51.5 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅದು 1999ರ ಜನವರಿ 28ರಂದು, ಇನಾರಿಗೆ ಹೊಂದಿಕೊಂಡಿರುವ ಕಿತ್ತಿಲಾ ಪ್ರದೇಶದ ಪೊಕ್ಕಾ ಎಂಬ ಹಳ್ಳಿಯಲ್ಲಿ ದಾಖಲಾಯಿತು.

2. ಮನೆಯ ಬೆಳಗು

ಅಂಥ ಊರಿನ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಗಂಟೆ ಏಳಾಗಿದೆ, ಹೊರಗೆ ಇನ್ನೂ ರಾತ್ರಿ. ಎದ್ದವರು ಮೊದಲು ನೋಡುವುದು ಕಿಟಕಿಯ ಹೊರಬದಿಗೆ ಬಿಗಿದ ಉಷ್ಣಮಾಪಕವನ್ನು. ಈ ದಿನ ಮಕ್ಕಳಿಗೆ ಎಷ್ಟು ಉಡುಪು ಬೇಕೆಂಬುದನ್ನು ಅದೇ ನಿರ್ಧರಿಸುತ್ತದೆ. ಮನೆಯೊಳಗೆ ಮಾತ್ರ ಚಳಿಯಿಲ್ಲ. ಗೋಡೆಗಳು ದಪ್ಪ, ಕಿಟಕಿಗಳಿಗೆ ಮೂರು ಪದರದ ಗಾಜು. ಒಳಗಿನ ಉಷ್ಣಾಂಶ ಇಪ್ಪತ್ತು ಡಿಗ್ರಿಯ ಸುತ್ತ ಇರುತ್ತದೆ. ನಮ್ಮಲ್ಲಿ ಹೇಗೋ ಹಾಗೆಯೇ ಅಲ್ಲಿಯೂ ಪಾದರಕ್ಷೆಯನ್ನು ಬಾಗಿಲ ಬಳಿಯೇ ಬಿಟ್ಟು ಒಳಗೆ ಬರುತ್ತಾರೆ.

ಮಕ್ಕಳಿಗೆ ಉಡುಪು ತೊಡಿಸುವುದು ಒಂದು ಕ್ರಮಬದ್ಧ ಕಾರ್ಯ. ಮೈಗೆ ಅಂಟಿದಂತೆ ತೆಳು ಉಣ್ಣೆಯ ಒಳ ಉಡುಪು, ಅದರ ಮೇಲೆ ದಪ್ಪ ಅಂಗಿ, ಎಲ್ಲಕ್ಕೂ ಮೇಲೆ ಗಾಳಿ ಮತ್ತು ತೇವ ತಡೆಯುವ ಹೊರ ಉಡುಪು. ಚಳಿಯನ್ನು ತಡೆಯುವುದು ಬಟ್ಟೆಯ ದಪ್ಪಕ್ಕಿಂತ ಹೆಚ್ಚಾಗಿ ಪದರಗಳ ನಡುವೆ ನಿಂತ ಗಾಳಿ. ಕೈಗೆ ಬೆರಳು ಬಿಡಿಸಿದ ಗವಸಿಗಿಂತ ನಾಲ್ಕು ಬೆರಳೂ ಒಟ್ಟಿಗಿರುವ ಚೀಲದಂಥ ಗವಸು ಮೇಲು. ಅಲ್ಲಿ ಒಂದು ಬೆರಳಿನ ಬಿಸುಪು ಇನ್ನೊಂದಕ್ಕೆ ಒದಗುತ್ತದೆ. ಕೊನೆಯಲ್ಲಿ, ಬೆಳಕನ್ನು ಹಿಂದಿರುಗಿಸುವ ಸಣ್ಣ ಬಿಲ್ಲೆಯೊಂದನ್ನು ಅಂಗಿಗೆ ತೂಗುಹಾಕುತ್ತಾರೆ. ಕತ್ತಲೆಯಲ್ಲಿ ನಡೆದುಹೋಗುವವರನ್ನು ವಾಹನ ಚಾಲಕರು ದೂರದಿಂದಲೇ ಗುರುತಿಸಲೆಂದು ಅಲ್ಲಿಯ ರಸ್ತೆ ನಿಯಮವೇ ಇದನ್ನು ವಿಧಿಸಿದೆ.

ಅಷ್ಟರಲ್ಲಿ ಮನೆಯ ಹಿರಿಯರೊಬ್ಬರು ಮೆಟ್ಟಿಲ ಮೇಲೆ ರಾತ್ರಿ ಬಿದ್ದ ಹಿಮವನ್ನು ಸಲಿಕೆಯಿಂದ ಸರಿಸಿರುತ್ತಾರೆ. ಕಾರಿನ ಎಂಜಿನ್ ಹೆಪ್ಪುಗಟ್ಟಿದಂತಾಗಿ ಚಾಲೂ ಆಗದಿರಬಾರದೆಂದು ಅದಕ್ಕೆ ವಿದ್ಯುತ್ ತಂತಿ ಜೋಡಿಸಿ ಮೊದಲೇ ಬೆಚ್ಚಗೆ ಮಾಡಿರುತ್ತಾರೆ.

3. ಶಾಲೆಯ ಹೊತ್ತು

ದೂರದ ಮನೆಗಳ ಮಕ್ಕಳನ್ನು ಶಾಲೆಯ ಬಸ್ಸು ಅಥವಾ ಟ್ಯಾಕ್ಸಿ ಕರೆದೊಯ್ಯುತ್ತದೆ. ಐದು ಕಿಲೋಮೀಟರಿಗಿಂತ ದೂರದ ಮಕ್ಕಳಿಗೆ ಈ ಸೌಕರ್ಯ ಉಚಿತ. ಮಧ್ಯಾಹ್ನದ ಬಿಸಿಯೂಟವೂ ಉಚಿತ. ಫಿನ್‌ಲ್ಯಾಂಡಿನ ಶಾಲೆಗಳಲ್ಲಿ ಈ ಪದ್ಧತಿ 1948ರಿಂದ ನಡೆದುಬಂದಿದೆ. ಬಿಡುವಿನ ವೇಳೆಯಲ್ಲಿ ಮಕ್ಕಳು ಕೊಠಡಿಯಲ್ಲಿ ಕುಳಿತಿರುವುದಿಲ್ಲ. ತೀರ ಕಡುಚಳಿಯ ದಿನಗಳನ್ನುಳಿದು ಎಲ್ಲರೂ ಹೊರಗೆ ಹೋಗಿ ಆಡಬೇಕು. ಚಳಿಯು ಮನೆಯೊಳಗೆ ಅವಿತುಕೊಳ್ಳಲು ಕಾರಣವಲ್ಲ, ತಕ್ಕ ಸಿದ್ಧತೆಯಿಂದ ಎದುರುಗೊಳ್ಳಬೇಕಾದ ಋತು ಎಂಬ ಪಾಠ ಹೀಗೆ ಚಿಕ್ಕಂದಿನಲ್ಲೇ ಆಗುತ್ತದೆ.

4. ಸಂಜೆಯ ಕೆಲಸಗಳು

ಇನಾರಿ ಸರೋವರವು ನವೆಂಬರಿನಲ್ಲಿ ಹೆಪ್ಪುಗಟ್ಟಿದರೆ ಅದರ ಮಂಜುಗಡ್ಡೆ ಪೂರ್ತಿ ಕರಗುವ ವೇಳೆಗೆ ಬೇಸಿಗೆ ಕಾಲಿಟ್ಟಿರುತ್ತದೆ. ಹಾಗಿದ್ದರೂ ಮೀನುಗಾರಿಕೆ ನಿಲ್ಲುವುದಿಲ್ಲ. ಮಂಜುಗಡ್ಡೆಯಲ್ಲಿ ಅಂತರ ಬಿಟ್ಟು ಎರಡು ಕಂಡಿಗಳನ್ನು ಕೊರೆಯುತ್ತಾರೆ. ಉದ್ದ ಕೋಲಿನ ನೆರವಿನಿಂದ ಒಂದು ಕಂಡಿಯಿಂದ ಇನ್ನೊಂದಕ್ಕೆ ಮಂಜುಗಡ್ಡೆಯ ಅಡಿಯಲ್ಲೇ ಹಗ್ಗ ಸಾಗಿಸಿ, ಅದಕ್ಕೆ ಬಲೆ ಕಟ್ಟಿ ಎಳೆದು ಹರಡುತ್ತಾರೆ. ಮೀನು ತೆಗೆಯುವಾಗ ಒಬ್ಬರು ಈ ಕಂಡಿಯಲ್ಲಿ ಬಲೆಯನ್ನು ಮೇಲೆಳೆಯುತ್ತಾರೆ. ಆ ತುದಿಗೆ ಕಟ್ಟಿದ ಹಗ್ಗ ಹಿಂದೆಯೇ ಸಾಗಿಬರುತ್ತದೆ. ಕೆಲಸ ಮುಗಿದ ಮೇಲೆ ಆಚೆಯಿಂದ ಹಗ್ಗ ಜಗ್ಗಿದರೆ ಬಲೆ ಮತ್ತೆ ತನ್ನ ಜಾಗಕ್ಕೆ ಹೋಗುತ್ತದೆ. ಈ ಕೆಲಸಕ್ಕೆ ಇಬ್ಬರಾದರೂ ಬೇಕು. ಅಜ್ಜನೂ ಮೊಮ್ಮಗಳೂ ಆಗಬಹುದು. ‘ಎಳೆ’, ‘ಬಿಡು’, ‘ತಡೆ’, ‘ಸಿಕ್ಕು ಬಿಡಿಸು’ ಎಂಬ ಮಾತುಗಳನ್ನು ಮಗು ಕಲಿಯುವುದು ಅಲ್ಲಿಯೇ.

ವಾರಕ್ಕೊಮ್ಮೆಯಾದರೂ ಸೌನಾ ಸ್ನಾನ ನಡೆಯುತ್ತದೆ. ಮರದ ಸಣ್ಣ ಕೋಣೆಯಲ್ಲಿ ಒಲೆಯ ಮೇಲೆ ಕಲ್ಲುಗಳನ್ನು ಕಾಯಿಸಿ, ಅವುಗಳ ಮೇಲೆ ನೀರು ಚಿಮುಕಿಸಿ, ಏಳುವ ಹಬೆಯಲ್ಲಿ ಮನೆಮಂದಿಯೆಲ್ಲ ಕುಳಿತು ಮೈ ಬೆವರಿಸುತ್ತಾರೆ. ಫಿನ್‌ಲ್ಯಾಂಡಿನ ಸೌನಾ ಸಂಸ್ಕೃತಿಯು 2020ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದೆ. ರಾತ್ರಿಯ ಊಟಕ್ಕೆ ಮೀನು, ಇಲ್ಲವೆ ಹಿಮಸಾರಂಗದ ಮಾಂಸ ಮತ್ತು ಆಲೂಗಡ್ಡೆ. ಜೊತೆಗೆ ಬೇಸಿಗೆಯ ಕೊನೆಯಲ್ಲೂ ಶರತ್ಕಾಲದಲ್ಲೂ ಕಾಡಿನಿಂದ ಆರಿಸಿ ತಂದಿಟ್ಟ ಹಣ್ಣುಗಳು. ಬಿಸಿಲು ಕಾಣದ ತಿಂಗಳುಗಳಾದ್ದರಿಂದ ಮಕ್ಕಳಿಗೆ ‘ಡಿ’ ಜೀವಸತ್ವವನ್ನು ಔಷಧದ ರೂಪದಲ್ಲಿ ಕೊಡುವುದು ರೂಢಿ.

5. ಹಿಮಕ್ಕೆ ಹಲವು ಹೆಸರು

ಹಿಮಸಾರಂಗ ಸಾಕುವ ಕುಟುಂಬಗಳ ಬದುಕು ಹಿಮದ ಗುಣವನ್ನು ಅವಲಂಬಿಸಿದೆ. ಹಿಮಸಾರಂಗವು ಗೊರಸಿನಿಂದ ಹಿಮವನ್ನು ಕೆರೆದು, ಅಡಿಯಲ್ಲಿರುವ ಕಲ್ಲುಹೂವನ್ನು ಮೇಯುತ್ತದೆ. ಆದ್ದರಿಂದ ಹಿಮ ಬಿದ್ದಿದೆ ಎಂದಷ್ಟೇ ಹೇಳಿದರೆ ಅವರಿಗೆ ಏನೂ ಹೇಳಿದಂತಾಗುವುದಿಲ್ಲ. ಉತ್ತರ ಸಾಮಿ ಭಾಷೆಯಲ್ಲಿ ಹೊಸದಾಗಿ ಬಿದ್ದ ಸಡಿಲ ಹಿಮ ‘ವಹ್ತ್ಸ’. ತಳದಲ್ಲಿ ಸಕ್ಕರೆಯ ಹರಳಿನಂತೆ ಉದುರುದುರಾಗಿ ನಿಂತ ಹಿಮ ‘ಸೆಯಙಾಶ್’. ಇದನ್ನು ಪ್ರಾಣಿ ಸುಲಭವಾಗಿ ಕೆರೆಯಬಲ್ಲದು. ಮಳೆ ಸುರಿದು ಅದು ನೆಲದ ಮೇಲೆ ಹೆಪ್ಪುಗಟ್ಟಿದರೆ ಆಗುವ ಗಟ್ಟಿ ಪದರ ‘ಚುವೊಹ್ಕಿ’. ಈ ಒಂದು ಪದ ಕಿವಿಗೆ ಬಿದ್ದರೆ ಮನೆಯವರು ಮೇವು ಹೊತ್ತು ಹೊರಡಬೇಕೆಂದು ಅರ್ಥ. ಏಕೆಂದರೆ ಮಂದೆ ಹಸಿವಿನಿಂದ ಸಾಯಬಹುದು.

ಧ್ರುವ ಪ್ರದೇಶವು 1979ರಿಂದೀಚೆಗೆ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ ಎಂದು ಫಿನ್‌ಲ್ಯಾಂಡಿನ ಹವಾಮಾನ ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದರು. ಚಳಿಗಾಲದ ನಡುವೆ ಮಳೆ ಬೀಳುವ ಸಂಭವ ಹೆಚ್ಚುತ್ತಿರುವಾಗ ಆ ಪದಗಳು ನಿಘಂಟಿನ ಅಲಂಕಾರಗಳಲ್ಲ, ಜೀವನೋಪಾಯದ ಅರಿವು.

6. ಮಾತು ಮನೆ ಬಿಟ್ಟ ಬಗೆ, ಮರಳಿದ ಬಗೆ

ಸಾಮಿ ಭಾಷೆಗಳಲ್ಲಿ ಒಂದಾದ ಇನಾರಿ ಸಾಮಿಯನ್ನು ಆಡುವವರು ಈಗ ಕೆಲವೇ ನೂರು ಮಂದಿ. 1920ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಆ ಸಣ್ಣ ಸಮುದಾಯದ ಅನೇಕರು ತೀರಿಕೊಂಡರು. ಎರಡನೆಯ ಮಹಾಯುದ್ಧದ ನಂತರ ದೂರದ ಮನೆಗಳ ಮಕ್ಕಳು ಶಾಲೆಯ ವಸತಿಗೃಹಗಳಲ್ಲಿ ಉಳಿದು ಫಿನ್ನಿಷ್ ಮಾಧ್ಯಮದಲ್ಲಿ ಕಲಿಯಬೇಕಾಯಿತು. ಚಳಿಗಾಲವೆಂದರೆ ಶಾಲೆಯ ಕಾಲ. ಬಲೆ ಎಳೆಯುವ, ಸೌದೆ ಸೀಳುವ, ಅಜ್ಜಿಯ ಬಳಿ ಕುಳಿತು ಕಥೆ ಕೇಳುವ ಕಾಲವೂ ಅದೇ. ಮಗು ಆ ಕಾಲವನ್ನು ಮನೆಯಿಂದ ಹೊರಗೆ ಕಳೆದಾಗ ಕೆಲಸವೂ ಮಾತೂ ಒಟ್ಟಿಗೆ ಕೈತಪ್ಪಿದವು. ಆ ಮಕ್ಕಳು ಬೆಳೆದು ತಂದೆತಾಯಿಗಳಾದಾಗ ಹಲವರು ತಮ್ಮ ಮಕ್ಕಳೊಡನೆ ಫಿನ್ನಿಷ್‌ನಲ್ಲೇ ಮಾತನಾಡಿದರು. 1990ರ ದಶಕದ ಹೊತ್ತಿಗೆ ಇನಾರಿ ಸಾಮಿ ಆಡುವ ಮಕ್ಕಳು ಬೆರಳೆಣಿಕೆಯಷ್ಟು ಉಳಿದಿದ್ದರು.

1992ರಲ್ಲಿ ಸಾಮಿ ಭಾಷಾ ಕಾಯ್ದೆ ಜಾರಿಗೆ ಬಂದಿತು. ಕಾನೂನು ಬಾಗಿಲನ್ನು ತೆರೆಯಿತು. ಆದರೆ ಒಳಗೆ ಬರಲು ಮಾತನಾಡುವ ಮಕ್ಕಳು ಬೇಕಷ್ಟೆ? 1986ರಲ್ಲಿ ಸ್ಥಾಪನೆಯಾಗಿದ್ದ ಇನಾರಿ ಸಾಮಿ ಭಾಷಾ ಸಂಘವು 1997ರಲ್ಲಿ ಪುಟ್ಟ ಮಕ್ಕಳಿಗಾಗಿ ‘ಭಾಷಾ ಗೂಡು’ ಒಂದನ್ನು ತೆರೆಯಿತು. ನ್ಯೂಜಿಲೆಂಡಿನ ಮಾಓರಿ ಜನರು 1982ರಲ್ಲಿ ಆರಂಭಿಸಿದ್ದ ಪದ್ಧತಿ ಅದಕ್ಕೆ ಮಾದರಿ. ಗೂಡಿನಲ್ಲಿ ವ್ಯಾಕರಣ ಪಾಠವಿಲ್ಲ, ಅನುವಾದವಿಲ್ಲ. ಅಂಗಿ ತೊಡಿಸುವುದು, ಗವಸು ಹುಡುಕುವುದು, ಊಟ ಬಡಿಸುವುದು, ಹಿಮದಲ್ಲಿ ಆಡಿಸುವುದು ಎಲ್ಲವೂ ಆ ಭಾಷೆಯಲ್ಲಿ ಮಾತ್ರ. ಮಾತು ಬಾರದ ನಡುವಯಸ್ಸಿನ ತಲೆಮಾರಿಗಾಗಿ 2009–10ರಲ್ಲಿ ಒಂದು ವರ್ಷದ ಕಲಿಕೆಯೂ ನಡೆಯಿತು. ಭಾಷಾವಿದುಷಿ ಮಾರ್ಯಾ–ಲೀಸಾ ಓಲ್ತುಯಿಸ್ ಅದರ ನೇತೃತ್ವ ವಹಿಸಿದ್ದರು. ಆ ವಯಸ್ಕ ವಿದ್ಯಾರ್ಥಿಗಳು ತರಗತಿಯ ಪಾಠದ ಜೊತೆಗೆ ಹಿರಿಯರ ಮನೆಗಳಿಗೆ ಹೋಗಿ, ಅವರೊಡನೆ ಅಡುಗೆ, ಮೀನುಗಾರಿಕೆ, ಕೈಕೆಲಸಗಳನ್ನು ಮಾಡುತ್ತ ಮಾತು ಕಲಿತರು. ಇಂದು ಇನಾರಿಯ ಶಾಲೆಯಲ್ಲಿ ಆ ಭಾಷೆಯ ಮೂಲಕ ಕಲಿಯುವ ಮಕ್ಕಳಿದ್ದಾರೆ.

7. ನಮ್ಮ ತರಗತಿಗೆ

ನಮ್ಮ ಸ್ಥಿತಿ ಅವರಷ್ಟು ಕಠಿಣವಲ್ಲ. ಕನ್ನಡವು ಕೋಟ್ಯಂತರ ಜನರ ಭಾಷೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ಹೇಳುತ್ತದೆ. ಆದರೂ ಗಡಿಯಾಚೆಯ ಶಿಕ್ಷಕರೆಲ್ಲರೂ ಕಂಡಿರುವ ಒಂದು ಸಂಗತಿಯಿದೆ: ‘ಹೇಮಂತ’ ಮತ್ತು ‘ಶಿಶಿರ’ವನ್ನು ತಪ್ಪಿಲ್ಲದೆ ಬರೆಯುವ ಮಗುವಿಗೆ ಮನೆಯ ‘ಮಾಗಿ’ ಎಂಬ ಮಾತು ತಿಳಿದಿರುವುದಿಲ್ಲ. ಪಠ್ಯದ ಕನ್ನಡ ಉಳಿದು ಮನೆಯ ಕನ್ನಡ ಸವೆಯತೊಡಗಿದೆ. ಇನಾರಿಯ ಅನುಭವ ನಮಗೆ ಹೇಳುವುದು ಇಷ್ಟೆ: ಕೆಲಸದೊಂದಿಗೆ ಹೋದ ಮಾತನ್ನು ಕೆಲಸದೊಂದಿಗೇ ಮರಳಿ ಕರೆಯಬೇಕು.

ಚಟುವಟಿಕೆ: ಡಿಸೆಂಬರ್ ಅಥವಾ ಜನವರಿಯಲ್ಲಿ ಪ್ರತಿ ವಿದ್ಯಾರ್ಥಿಯೂ ಮನೆಯ ಹಿರಿಯರೊಬ್ಬರೊಡನೆ ಒಂದು ಚಳಿಗಾಲದ ಕೆಲಸದಲ್ಲಿ ಕೈಜೋಡಿಸಲಿ, ಆಗ ಕೇಳಿದ ಹತ್ತು ಮಾತುಗಳನ್ನು ಹೇಳಿದಂತೆಯೇ ಬರೆದು ತರಲಿ. ಕಾಸರಗೋಡಿನಲ್ಲಿ ಅಂಗಳದಲ್ಲಿ ಅಡಿಕೆ ಒಣಗಿಸುವುದು, ತಾಳವಾಡಿಯಲ್ಲಿ ರಾಗಿಯ ಒಕ್ಕಣೆ, ಸೊಲ್ಲಾಪುರ ಮತ್ತು ಜತ್ತ ಕಡೆ ಸೀತನಿ ಸುಡುವುದು ಅಥವಾ ಸಂಕ್ರಾಂತಿಯ ಹಿಂದಿನ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುವುದು ಇಂಥ ಕೆಲಸಗಳು. ಮನೆಯಲ್ಲಿ ಮರಾಠಿಯ ‘ಹುರಡಾ’ ಎಂಬ ಮಾತೇ ಬಳಕೆಯಲ್ಲಿದ್ದರೆ ಶಿಕ್ಷಕರು ಅದನ್ನು ತಪ್ಪೆನ್ನಬಾರದು. ಎರಡನ್ನೂ ಬರೆಸಿ, ಅಜ್ಜಿ ಏನೆನ್ನುತ್ತಿದ್ದಳೆಂದು ಕೇಳಿಬರಲು ಹೇಳಬೇಕು. ನೆರೆಭಾಷೆಯ ಪದವನ್ನು ಅವಮಾನಿಸಿದರೆ ಮಗು ಎರಡೂ ಭಾಷೆಗಳಲ್ಲಿ ಮೌನವಾಗುತ್ತದೆ.

ಪದಪರಿಚಯ

ಮಾಗಿ – ಚಳಿಗಾಲ
ನಸುಬೆಳಕು – ಮಂದವಾದ ಬೆಳಕು
ಕಲ್ಲುಹೂವು – ಬಂಡೆ, ನೆಲ, ಮರಗಳ ಮೇಲೆ ಬೆಳೆಯುವ ಹಾವಸೆಯಂಥ ಜೀವಿ
ಒಕ್ಕಣೆ – ತೆನೆಯಿಂದ ಕಾಳು ಬಿಡಿಸುವ ಕೆಲಸ
ಸೀತನಿ – ಸುಟ್ಟು ತಿನ್ನುವ ಎಳೆ ಜೋಳದ ತೆನೆಯ ಕಾಳು

ಅಭ್ಯಾಸ

1. ಡಿಸೆಂಬರಿನಲ್ಲಿ ಇನಾರಿಯಲ್ಲಿ ಸೂರ್ಯ ಮೂಡದಿದ್ದರೂ ಪೂರ್ತಿ ಕತ್ತಲೆಯಿರುವುದಿಲ್ಲ. ಕಾರಣವೇನು?
2. ‘ಚುವೊಹ್ಕಿ’ ಎಂಬ ಪದ ಹಿಮಸಾರಂಗ ಸಾಕುವವರಿಗೆ ಏಕೆ ಮುಖ್ಯ?
3. ಮಂಜುಗಡ್ಡೆಯ ಅಡಿಯಲ್ಲಿ ಬಲೆ ಹರಡುವ ಕ್ರಮವನ್ನು ಐದು ವಾಕ್ಯಗಳಲ್ಲಿ ವಿವರಿಸಿ.
4. ವಸತಿ ಶಾಲೆಗಳಿಂದ ಇನಾರಿ ಸಾಮಿ ಭಾಷೆಗೆ ಆದ ಹಾನಿಯನ್ನು ಭಾಷಾ ಗೂಡು ಯಾವ ಬಗೆಯಲ್ಲಿ ತುಂಬಿಕೊಡಲು ಯತ್ನಿಸಿತು?
5. ನಿಮ್ಮ ಮನೆಯ ಹಿರಿಯರು ಬಳಸುವ, ನೀವು ಬಳಸದ ಐದು ಪದಗಳನ್ನು ಬರೆಯಿರಿ. ಅವು ಯಾವ ಕೆಲಸಕ್ಕೆ ಸೇರಿದವು? ಆ ಕೆಲಸ ಈಗಲೂ ನಿಮ್ಮ ಮನೆಯಲ್ಲಿ ನಡೆಯುತ್ತಿದೆಯೇ?