ಬಿತ್ತುವ ಮುನ್ನ ಮನೆಯಲ್ಲೇ ಮೊಳಕೆ ಪರೀಕ್ಷೆ

ಕಪ್ಪು ಭೂಮಿಯ ಹಿಂಗಾರಿ ಜೋಳ ಮಣ್ಣಿನಲ್ಲಿ ಉಳಿದ ತೇವವನ್ನೇ ನಂಬಿದ ಬೆಳೆ. ಬೀಜ ಹುಟ್ಟದಿದ್ದರೆ, ಮತ್ತೆ ಬಿತ್ತುವ ಹೊತ್ತಿಗೆ ಆ ತೇವ ಆರಿಹೋಗಿರುತ್ತದೆ. ಮನೆಯ ರೊಟ್ಟಿಗೂ ದನಗಳ ಕಣಿಕೆಗೂ ಕೊರತೆ ಬೀಳುತ್ತದೆ. ಆದ್ದರಿಂದ ಹೆಣ್ಣುಮಕ್ಕಳು ಕಾಪಾಡಿಟ್ಟ ಎಂ 35-1 ಮುಂತಾದ ತಳಿಗಳ ಬೀಜವನ್ನು ಬಿತ್ತನೆಗೆ 15 ದಿನ ಮೊದಲೇ ಪರೀಕ್ಷಿಸಿರಿ. ಇದಕ್ಕೆ ಖರ್ಚಿಲ್ಲ, ಮನೆಮಂದಿಯೆಲ್ಲ ಕೂಡಿ ಮಾಡಬಹುದು.

ಚೀಲದ ಮೇಲ್ಭಾಗ, ನಡು ಮತ್ತು ತಳದಿಂದ ಒಂದೊಂದು ಹಿಡಿ ಬೀಜ ತೆಗೆದು ಬೆರೆಸಿರಿ. ಅದರಿಂದ 100 ಬೀಜ ಎಣಿಸುವ ಕೆಲಸವನ್ನು ಮಕ್ಕಳಿಗೆ ಕೊಡಿರಿ. ದಪ್ಪ ಕಾಳನ್ನೇ ಆರಿಸದೆ ಕೈಗೆ ಬಂದಂತೆ ಎಣಿಸಲು ಹೇಳಿರಿ. ಔಷಧಿ ಲೇಪಿಸಿದ ಬೀಜವನ್ನು ಮಾತ್ರ ಮಕ್ಕಳು ಮುಟ್ಟಬಾರದು.

ಒದ್ದೆ ಗೋಣಿತಟ್ಟಿನ ಮೇಲೆ ಸಾಲಿಗೆ ಹತ್ತರಂತೆ ಹತ್ತು ಸಾಲು ಜೋಡಿಸಿ, ಇನ್ನೊಂದು ಒದ್ದೆ ತಟ್ಟು ಹೊದಿಸಿ, ಸಡಿಲವಾಗಿ ಸುತ್ತಿ ನೆರಳಿನಲ್ಲಿಡಿರಿ. ಕೋಳಿ, ಇಲಿಗಳಿಗೆ ಸಿಗದಿರಲಿ. ಬೆಳಿಗ್ಗೆ, ಸಂಜೆ ನೀರು ಚಿಮುಕಿಸಿರಿ, ನೀರು ನಿಲ್ಲಬಾರದು. ಮಕ್ಕಳು ದಿನವೂ ಬಿಚ್ಚಿ ನೋಡಲು ಹವಣಿಸುವರು. ನಾಲ್ಕನೆಯ ದಿನ ಒಮ್ಮೆ ತೋರಿಸಿ, ಹತ್ತನೆಯ ದಿನ ಅವರೊಡನೆ ಕೂತು ಎಣಿಸಿರಿ.

ಬೇರು, ಕುಡಿ ಎರಡೂ ಚೆನ್ನಾಗಿ ಬಂದ ಸಸಿಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಕೊಳೆತವು, ಬೇರಿಲ್ಲದವು ಬೇಡ. 75 ಅಥವಾ ಹೆಚ್ಚು ಇದ್ದರೆ ಬೀಜ ಬಿತ್ತಲು ಯೋಗ್ಯ. 60 ಇದ್ದರೆ ಎಕರೆಗೆ 3 ಕಿಲೋ ಬದಲು 3.75 ಕಿಲೋ ಬಳಸಿರಿ. ಅರ್ಧಕ್ಕಿಂತ ಕಡಿಮೆಯಾದರೆ ಆ ಬೀಜ ಬಿತ್ತಬೇಡಿರಿ. ಬೇರೆ ಬೀಜ ತರಲು ನಿಮಗಿನ್ನೂ ಐದು ದಿನ ಉಳಿದಿರುತ್ತವೆ.