ಇಂಗ್ಲಿಷ್ ಬೈಗುಳ ಬಾಯಿಗೆ ಬಂದಾಗ

ತಮ್ಮಾ, ತಂಗೀ, ಪುಣೆಗೂ ಬೆಂಗಳೂರಿಗೂ ನೌಕರಿಗೆ ಹೋಗಿ ಹಬ್ಬಕ್ಕೆ ನಮ್ಮೂರು ಕಾಖಂಡಕಿಗೆ ಬರುವ ನಿಮ್ಮ ಬಾಯಲ್ಲಿ ಈಗೀಗ ‘ಶಿಟ್’, ‘ಡ್ಯಾಮ್’, ‘ಬ್ಲಡಿ’ಗಳು ಎಲೆಯಡಿಕೆಯ ಹಾಗೆ ಹೊರಳಾಡುತ್ತಿವೆ. ಬೈಯಬೇಡಿ ಎಂದು ಹೇಳಲು ನಾನು ಕೂತಿಲ್ಲ. ಕಾರಹುಣ್ಣಿಮೆಯ ಕರಿಯಲ್ಲಿ ಓಡುವ ಎತ್ತು ಮೈಮೇಲೆ ಬಂದಾಗ ನಮ್ಮ ಗಂಡಸರ ಬಾಯಿಂದ ಬರುವುದು ದಾಸರ ಪದವಲ್ಲ, ಅದು ನಿಮಗೂ ಗೊತ್ತು. ಹೋಳಿ ಹುಣ್ಣಿಮೆಗಂತೂ ಹುಡುಗರು ಬಾಯಿ ಬಡಿದುಕೊಂಡು ಕೂಗುವುದನ್ನು ಹಿರಿಯರು ಕೇಳಿಯೂ ಕೇಳದಂತೆ ಇದ್ದುಬಿಡುತ್ತಾರೆ. ಬಣ್ಣ ತೊಳೆದ ಮೇಲೆ ಅದೇ ಮಾತಾಡಿದರೆ ಕಪಾಳಕ್ಕೆ ಬೀಳುತ್ತದೆ. ಯಾವುದು ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದು ನಮ್ಮ ಮಾತಿನಲ್ಲಿ ನಿಮ್ಮ ಕಿವಿಗೇ ಗೊತ್ತು. ಇಂಗ್ಲಿಷಿನಲ್ಲಿ ಗೊತ್ತಿಲ್ಲ. ನನ್ನ ತಕರಾರು ಅಷ್ಟಕ್ಕೇ.

‘ಅವನೌನ್’ ಎಂಬುದನ್ನೇ ತಗೊಳ್ಳಿ. “ಅವನೌನ್, ಏನ್ ಮಳಿ ಹೊಡೀತಲೇ!” ಎಂದರೆ ಯಾರ ಅವ್ವನಿಗೂ ಏನೂ ಅಂದ ಹಾಗಲ್ಲ, ಬರೀ ಬೆರಗು. ‘ಅವನ’ ಹೋಗಿ ‘ನಿನ್ನ’ ಬಂದು, ಎದುರಿಗೆ ನಿಂತು ಅಂದರೆ ಬಡಿದಾಟ. “ಯಾಕ್ ಮಗನ, ಮನಿಗಿ ಬರೂದ ಬಿಟ್ಟಿ?” ಎಂಬಲ್ಲಿ ಪ್ರೀತಿ, “ಏ ಮಗನ, ನಿಂದ್ರ ಅಲ್ಲೆ” ಎಂಬಲ್ಲಿ ಜಗಳ. ‘ಭಾಡಖಾವ್’ ಎಂಬುದು ಮರಾಠಿಯಿಂದ ಬಂದದ್ದು; ಹೆಣ್ಣಿನ ಮೈ ಮಾರಿದ ದುಡ್ಡು ತಿನ್ನುವವನು ಎಂದು ಅದರ ಮೂಲ. ಅರ್ಥ ನೆನಪಿದ್ದರೆ ಗೆಳೆಯನನ್ನು ಹಾಗೆ ಕರೆಯಲು ನಾಲಿಗೆ ಏಳುವುದಿಲ್ಲ. ‘ಬದ್ಮಾಶ್’ ಎಂದರೆ ಕೆಟ್ಟ ದಾರಿಯಲ್ಲಿ ಹೊಟ್ಟೆ ಹೊರೆಯುವವನು. ಈಗ ಅಜ್ಜಿ ತೊಟ್ಟಿಲ ಕೂಸಿಗೂ ಹಾಗನ್ನುತ್ತಾಳೆ. ಆದಿಲಶಾಹಿಗಳ ಕಾಲದಿಂದ ಕನ್ನಡ, ಮರಾಠಿ, ದಖ್ಖನಿ ಬೆರೆತ ನೆಲ ಇದು. ನಮ್ಮೂರ ಮಹಿಪತಿದಾಸರೇ ಆ ದರ್ಬಾರಿನಲ್ಲಿದ್ದು ಬಿಟ್ಟು ಬಂದವರು, ಕನ್ನಡದ ಜೊತೆಗೆ ಮರಾಠಿಯಲ್ಲೂ ದಖ್ಖನಿಯಲ್ಲೂ ಪದ ಕಟ್ಟಿದವರು. ಭಕ್ತಿ ನಡೆದು ಬಂದ ದಾರಿಯಲ್ಲೇ ಬೈಗುಳವೂ ಬಂತು, ಬರುತ್ತಾ ಅರ್ಧ ವಿಷ ದಾರಿಯಲ್ಲೇ ಚೆಲ್ಲಿ ಬಂತು.

ಇಂಗ್ಲಿಷ್ ಬೈಗುಳಗಳೂ ಹೀಗೆಯೇ ತಿರುಗಾಡಿವೆ, ಹೋದಲ್ಲೆಲ್ಲ ಗುಣ ಬದಲಿಸಿವೆ. 1914ರಲ್ಲಿ ಬರ್ನಾರ್ಡ್ ಶಾ ತನ್ನ ‘ಪಿಗ್ಮೇಲಿಯನ್’ ನಾಟಕದಲ್ಲಿ ಹೂ ಮಾರುವ ಹುಡುಗಿಯ ಬಾಯಿಂದ ‘ಬ್ಲಡಿ’ ಅನ್ನಿಸಿದಾಗ ಲಂಡನ್ನಿನಲ್ಲಿ ಗುಲ್ಲೆದ್ದಿತ್ತು. ಆಸ್ಟ್ರೇಲಿಯಾದವರಿಗೆ ಅದು ಮಾತಿನ ನಡುವಿನ ಒಗ್ಗರಣೆಯಷ್ಟೇ. 2006ರಲ್ಲಿ ಅವರ ಪ್ರವಾಸೋದ್ಯಮ ಇಲಾಖೆಯವರು ‘ನೀವೆಲ್ಲಿ ಹಾಳಾಗಿ ಹೋದಿರಿ, ಬನ್ನಿ’ ಎಂಬ ಧಾಟಿಯಲ್ಲಿ ‘ಬ್ಲಡಿ’ ಸೇರಿಸಿ ಜಾಹೀರಾತು ಮಾಡಿದರೆ, ಬ್ರಿಟನ್ನಿನ ಟಿವಿಯವರು ಮೊದಲು ತಡೆದರು, ಆಮೇಲೆ ಬಿಟ್ಟರು. ನಮಗೋ ಆ ಮಾತು ಬಂದದ್ದು ಸಾಹೇಬರಿಂದ, ಸಿನಿಮಾದ ಖಳನಾಯಕರಿಂದ. ಹಾಗಾಗಿ ‘ಬ್ಲಡಿ ಫೂಲ್’ ಎಂದರೆ ನಮ್ಮಲ್ಲಿ ಇವತ್ತಿಗೂ ತಲೆ ಬಿಸಿಯಾಗುತ್ತದೆ. ಒಂದೇ ಮಾತು, ಮೂರು ನೆಲ.

‘ಪಿಸ್’ನಷ್ಟು ತಂಟೆಯದು ಇನ್ನೊಂದಿಲ್ಲ. ಮೂಲ ಅರ್ಥ ಉಚ್ಚೆ. ಅಮೆರಿಕದವನು ‘ಪಿಸ್ಡ್’ ಆಗಿದ್ದೇನೆ ಎಂದರೆ ಸಿಟ್ಟಿಗೆದ್ದಿದ್ದಾನೆ. ಇಂಗ್ಲೆಂಡಿನವನು ಹಾಗೆಂದರೆ ಕುಡಿದಿದ್ದಾನೆ. ‘ಪಿಸ್ ಆಫ್’ ಎಂದರೆ ತೊಲಗು. ‘ಟೇಕಿಂಗ್ ದ ಪಿಸ್’ ಎಂದರೆ ಚೇಷ್ಟೆ ಮಾಡುವುದು. ನಿಮ್ಮ ಸಾಹೇಬ ಫೋನಿನಲ್ಲಿ ‘ಕ್ಲೈಂಟ್ ಪಿಸ್ಡ್ ಇದ್ದಾನೆ’ ಎಂದರೆ ಮೊದಲು ಆತ ಯಾವ ದೇಶದವನೆಂದು ನೋಡಿಕೊಳ್ಳಿ. ‘ಶಿಟ್’ ಇನ್ನೂ ಸೂಕ್ಷ್ಮ. ‘ಯು ಆರ್ ಶಿಟ್’ ಎಂದರೆ ನೀನು ಹೇಲು. ಅಮೆರಿಕದ ಹುಡುಗರು ‘ಯು ಆರ್ ದ ಶಿಟ್’ ಎಂದರೆ ನಿನ್ನಂಥವನು ಇಲ್ಲ. ನಡುವೆ ಒಂದು ‘ದ’. ಕನ್ನಡದಲ್ಲಿ ಆ ‘ದ’ ಎಂಬುದೇ ಇಲ್ಲ. ಇಂಗ್ಲಿಷ್ ಆಡುವಾಗ ಅದನ್ನು ನುಂಗುವವರು ನಾವು. ಹೊಗಳಲು ಹೋಗಿ ಏನಾದೀತು ಯೋಚಿಸಿ. ‘ಬಗರ್’ ಎಂಬ ಬೈಗುಳ ನ್ಯೂಜಿಲೆಂಡಿನಲ್ಲಿ 1999ರ ಟೊಯೋಟಾ ಗಾಡಿಯ ಜಾಹೀರಾತಿನಲ್ಲಿ ರೈತನ ಬಾಯಲ್ಲೂ ಅವನ ನಾಯಿಯ ಬಾಯಲ್ಲೂ ಬಂತು, ದೂರು ಹೋದರೂ ನಿಲ್ಲಲಿಲ್ಲ.

‘ಬುಲ್‌ಶಿಟ್’ ಮಾತ್ರ ನಮ್ಮೂರಿನಲ್ಲಿ ಬೈಗುಳವೇ ಆಗಲಾರದು. ಎತ್ತಿನ ಸಗಣಿಯಿಂದ ನೆಲ ಸಾರಿಸಿದೆವು, ಕುಳ್ಳು ತಟ್ಟಿದೆವು, ಹೊಲಕ್ಕೆ ಗೊಬ್ಬರ ಹಾಕಿದೆವು, ಅದರಲ್ಲಿ ಹೇಸುವುದೇನಿದೆ? ಆದರೆ ಆ ಮಾತಿನ ಮೇಲೆ ಹ್ಯಾರಿ ಫ್ರಾಂಕ್‌ಫರ್ಟ್ ಎಂಬ ಅಮೆರಿಕದ ತತ್ತ್ವಶಾಸ್ತ್ರಜ್ಞ 1986ರಲ್ಲಿ ಒಂದು ಪ್ರಬಂಧ ಬರೆದ, 2005ರಲ್ಲಿ ಅದು ಸಣ್ಣ ಪುಸ್ತಕವಾಗಿ ಬಂತು. ಸುಳ್ಳುಗಾರನಿಗೆ ಖರೆ ಯಾವುದೆಂದು ಗೊತ್ತಿರುತ್ತದೆ, ಅದನ್ನು ಮುಚ್ಚುತ್ತಾನೆ. ಬುಲ್‌ಶಿಟ್ ಆಡುವವನಿಗೆ, ಅಂದರೆ ಬುರುಡೆ ಬಿಡುವವನಿಗೆ, ಖರೆ-ಸುಳ್ಳಿನ ಪರಿವೆಯೇ ಇಲ್ಲ, ಅವನೇ ಹೆಚ್ಚು ಅಪಾಯದವನು ಎಂದು ಅವನ ವಾದ. ಚುನಾವಣೆಯ ಭಾಷಣ ಕೇಳಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು. ಇಂಗ್ಲಿಷಿನಲ್ಲಿ ಬೈಯುವುದು ನಿಮಗೆ ಹಗುರ ಅನ್ನಿಸಲು ಕಾರಣವಿದೆ. ಬಾಸ್ಟನ್ನಿನ ಸಂಶೋಧಕರು ಟರ್ಕಿಶ್ ತಾಯ್ನುಡಿಯವರ, ಇಂಗ್ಲಿಷನ್ನು ಆಮೇಲೆ ಕಲಿತವರ ಬೆರಳಿನ ಚರ್ಮದ ಬೆವರನ್ನು ಅಳೆದು 2003ರಲ್ಲಿ ಅಧ್ಯಯನ ಪ್ರಕಟಿಸಿದರು. ಹೊಲಸು ಮಾತಿಗೆ, ಅದಕ್ಕಿಂತಲೂ ಚಿಕ್ಕಂದಿನಲ್ಲಿ ಕೇಳಿದ ಗದರಿಕೆಗೆ, ತಾಯ್ನುಡಿಯಲ್ಲಿ ಮೈ ಹೆಚ್ಚು ಝುಮ್ಮೆಂದಿತ್ತು. ಅವ್ವ ‘ಥೂ ಹಲ್ಕಟ್’ ಎಂದು ಗದರಿ ಕಿವಿ ಹಿಂಡಿದ್ದು ಕನ್ನಡದಲ್ಲಿ; ‘ಶಿಟ್’ ಎಂದಾಗ ಯಾರೂ ಹಿಂಡಲಿಲ್ಲ. ನಿಮಗೆ ಹಗುರವಾದದ್ದು, ಆ ಭಾಷೆಯಲ್ಲೇ ಹುಟ್ಟಿ ಬೆಳೆದವರಿಗೆ ಹಗುರವಲ್ಲ. ಆದ್ದರಿಂದ ಎಲ್ಲ ಮಾತಿನ ಅರ್ಥ ತಿಳಿದುಕೊಳ್ಳಿ, ನೀವಾಗಿ ಮೊದಲು ಆಡಬೇಡಿ. ಮೇಲ್, ವಾಟ್ಸ್ಆಪ್‌ನಲ್ಲಂತೂ ಬೇಡವೇ ಬೇಡ. ಅಲ್ಲಿ ನಗೆಯೂ ದನಿಯೂ ಕಾಣುವುದಿಲ್ಲ, ಉಳಿಯುವುದು ಅಕ್ಷರ ಮಾತ್ರ.

ಜಾತಿಯ ಹೆಸರು ಹಿಡಿದು ಬೈಯುವುದನ್ನು ಈ ತಮಾಷೆಯ ಸಾಲಿಗೆ ಸೇರಿಸಬೇಡಿ. ಪರಿಶಿಷ್ಟ ಜಾತಿ, ಪಂಗಡದವರನ್ನು ಮಂದಿಯ ಎದುರು ಹಾಗೆ ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆಯಂತೆ ಅಪರಾಧ. ಕಾಯ್ದೆ ಇಲ್ಲದಿದ್ದರೂ ಅದು ಹೇಸಿಗೆಯೇ. ಹೆಣ್ಣುಮಕ್ಕಳ ಮೈ ಹಿಡಿದು ಆಡುವ ಮಾತೂ ಹಾಗೆಯೇ; ಹಾಸ್ಟೆಲಿನಲ್ಲಿ ನಕ್ಕು ಬಿಟ್ಟದ್ದು ಆಫೀಸಿನಲ್ಲಿ 2013ರ ಕಾಯ್ದೆಯ ಪ್ರಕಾರ ಲೈಂಗಿಕ ಕಿರುಕುಳ ಆಗುತ್ತದೆ. ತಂಗೀ, ನಿನಗೆ ಯಾರಾದರೂ ಹಾಗೆ ಅಂದರೆ ದಿನ, ಹೊತ್ತು, ಅಂದ ಮಾತು, ಹತ್ತಿರ ಇದ್ದವರ ಹೆಸರು ಅವತ್ತೇ ಬರೆದಿಡು. ಹತ್ತು ಮಂದಿ ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಮೂರು ತಿಂಗಳೊಳಗೆ ಅಲ್ಲಿಗೆ ದೂರು ಬರೆದು ಕೊಡಬೇಕು. ‘ಇಂಗ್ಲಿಷಿನ್ಯಾಗ ಅಂದಾರ, ಹೋಗಲಿ’ ಅಂತ ಬಿಡಬ್ಯಾಡವ್ವ.